ಜರ್ಮನಿಗೆ ಹೋಗಬೇಕಾದ ಫೋನು

ಚಾಪೆಯ ಮೇಲೆ ಎರಡು ಫೋನು, ಒಂದು ಪವರ್ ಬ್ಯಾಂಕು, ದುಂಡು ಕಡ್ಡಿಗಳ ಒಂದು ಪ್ಲಗ್ಗು, ಬೆರಳುದ್ದದ ಒಂದು ಪೆನ್‌ಡ್ರೈವು. ಮರಿತಾಯಮ್ಮ ಬೆಳಗಿನಿಂದ ಅವುಗಳ ಮುಂದೆ ಹೆಣ ಕಾಯುವವಳ ಹಾಗೆ ಕೂತಿದ್ದಳು. ಇವತ್ತು ಶನಿವಾರ, ರಾತ್ರಿ ವಿಮಾನ. ಸಂಜೆಯ ಬಸ್ಸಿಗೆ ಮದ್ದೂರು ಬಿಡಬೇಕು. ಯಾವುದು ಚೀಲಕ್ಕೆ, ಯಾವುದು ಮನೆಯಲ್ಲೇ ಅನ್ನುವುದು ಮಾತ್ರ ಇನ್ನೂ ತೀರ್ಮಾನವಾಗಿರಲಿಲ್ಲ.

ಅವಳು ಸೋಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುವವಳು. ಬೆಂಗಳೂರನ್ನೇ ನೆಟ್ಟಗೆ ನೋಡದವಳು ಜರ್ಮನಿಗೆ ಹೊರಟಿದ್ದಳು. ಅವಳು ಹೊಲಿದ ಅಂಗಿಗಳು ಅವಳಿಗಿಂತ ಮೊದಲೇ ಎಷ್ಟೋ ಸಲ ಹೋಗಿ ಸೇರಿದ್ದ ದೇಶ ಅದು. ಆ ಅಂಗಿಗಳನ್ನು ಕೊಳ್ಳುವ ಕಂಪನಿಯ ದೊಡ್ಡ ಸಭೆ ಮಂಗಳವಾರ ನಡೆಯುತ್ತಿತ್ತು. ಅಲ್ಲಿನ ಒಂದು ಸಂಘದವರು, ಅರ್ಪಿತ ಹೇಗೆ ಸತ್ತಳು ಅಂತ ಅವಳ ಜೊತೆ ದುಡಿದವಳ ಬಾಯಿಂದಲೇ ಹೇಳಿಸುತ್ತೇವೆ ಅಂತ ಹಟ ಹಿಡಿದು ಟಿಕೇಟು ಕಳಿಸಿದ್ದರು.

ಅರ್ಪಿತ ಅದೇ ಫ್ಲೋರಿನ ಹುಡುಗಿ. ಮಳವಳ್ಳಿ ಕಡೆಯ ಹಳ್ಳಿಯವಳು, ಮದುವೆಗೆ ಮುಂಚೆ ನಾಕು ದಿನ ದುಡಿದು ಬರುತ್ತೇನೆ ಅಂತ ಬಂದವಳು. ಯುಗಾದಿಗೆ ಮುಂಚಿನ ಒಂದು ಮಧ್ಯಾಹ್ನ ಅವಳಿಗೆ ಎದೆನೋವು ಬಂತು. ಗೇಟ್ ಪಾಸ್ ಕೇಳಿದಳು, ಕೊಡಲಿಲ್ಲ. ಫ್ಲೋರಿನಲ್ಲಿ ಫೋನು ಇಟ್ಟುಕೊಳ್ಳುವ ಹಾಗಿಲ್ಲ, ಅವಳು ರವಿಕೆಯೊಳಗೆ ಬಚ್ಚಿಟ್ಟುಕೊಂಡಿದ್ದಳು. ಕಕ್ಕಸಿನಲ್ಲಿ ನಿಂತು ಮರಿತಾಯಿಗೆ ವಾಯ್ಸ್ ಮೆಸೇಜು ಕಳಿಸಿದಳು. ಒಂದಲ್ಲ, ಒಂದರ ಹಿಂದೆ ಒಂದು. ಒಂದರಲ್ಲಿ ಬಾಗಿಲು ಬಡಿಯುವ ಸದ್ದು, ಆಮೇಲೆ ಫ್ಲೋರ್ ಇನ್‌ಚಾರ್ಜನ ಗಂಟಲು ಸ್ಪಷ್ಟವಾಗಿ: ‘ನಾಟ್ಕ ಆಡ್ಬೇಡ, ಟಾರ್ಗೆಟ್ ಮುಗ್ಸು, ಆಮೇಲ್ ಸಾಯಿ.’ ಮರಿತಾಯಿಯ ಫೋನು ನಿಯಮದ ಪ್ರಕಾರ ಲಾಕರಿನಲ್ಲಿತ್ತು. ಅವಳು ಕೇಳಿಸಿಕೊಳ್ಳುವ ಹೊತ್ತಿಗೆ ಹುಡುಗಿ ಆಸ್ಪತ್ರೆಯ ಬಿಳಿ ಬಟ್ಟೆಯೊಳಗಿದ್ದಳು. ತಕ್ಷಣವೇ ಆಸ್ಪತ್ರೆಗೆ ಸೇರಿಸಿದೆವು ಅಂತ ಕಾರ್ಖಾನೆ ಹೇಳಿತು. ಅರ್ಪಿತಳ ಫೋನು ಏನಾಯಿತೋ ಯಾರಿಗೂ ಗೊತ್ತಿಲ್ಲ. ಉಳಿದದ್ದು ಮರಿತಾಯಿಯ, ಗಾಜು ಬಿರುಕುಬಿಟ್ಟ ಈ ಹಳೆಯ ಫೋನು.

‘ನೋಡಿ ಮರಿತಾಯಮ್ಮ,’ ಅಂದ ಶಶಿಧರ್. ಅವನು ಮಂಡ್ಯದ ಯೂನಿಯನ್ ಆಫೀಸಿನವನು, ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತು ಬೆಳಗಿನಿಂದ ಇದೇ ಪಾಠ ಹೇಳುತ್ತಿದ್ದ. ‘ಏರ್‌ಪೋರ್ಟಲ್ಲಿ ಫೋನು ತೆಗಿ ಅಂದ್ರೆ ತೆಗೀಬೇಕು. ಯಾರ ಕೈಗೆ ಹೋಗುತ್ತೋ ಹೇಳಕ್ಕಾಗಲ್ಲ. ಅದಕ್ಕೇ ಈ ಹೊಸ ಫೋನು. ಇದರಲ್ಲಿ ಏನೂ ಇಲ್ಲ, ಇದನ್ನ ತಗೊಂಡ್ರೆ ಭಯವಿಲ್ಲ.’

‘ಏನೂ ಇಲ್ದಿದ್ ಮ್ಯಾಕೆ ಅದುನ್ ತಕೊಂಡೋಗಿ ಏನ್ ತೋರ್ಸ್‌ಲಿ ಸಾ, ಗೋಡೆಗೆ ಮಡ್ಗೋ ಪಟವಾ?’

‘ಪೆನ್‌ಡ್ರೈವಲ್ಲಿ ಕಾಪಿ ಇದೆಯಲ್ಲ.’

‘ಕಾಪಿನ ಕಂಪ್ಯೂಟ್ರಲ್ಲಿ ಮಾಡ್ಕಬಂದವ್ರೆ ಅಂತಾರೆ ಅಂತ ನೀವೇ ಯೋಳಿದ್ರಿ. ಅಲ್ಲೊಬ್ರು ಪರೀಕ್ಸೆ ಮಾಡೋರವ್ರೆ, ಅಸಲಿ ಫೋನೇ ಬೇಕು ಅಂತ ಯೋಳಿದ್ದೂ ನೀವೇಯ.’

ಶಶಿಧರ್ ಕನ್ನಡಕ ತೆಗೆದು ಒರೆಸಿಕೊಂಡ.

ತೊಡಕು ಇದ್ದದ್ದು ಅಲ್ಲೇ. ಹಳೆಯ ಫೋನಿನಲ್ಲಿ ಅರ್ಪಿತಳ ಗಂಟಲಿನ ಜೊತೆಗೆ ಬದುಕಿರುವವರ ವಾಟ್ಸಾಪ್ ಗುಂಪೂ ಇತ್ತು. ಕಾರ್ಖಾನೆಯೊಳಗೆ ಯೂನಿಯನ್ ಅನ್ನುವ ಪದ ಆಡಿದವಳಿಗೆ ಮರುದಿನ ಮಿಶಿನ್ನಿಲ್ಲ. ಅದಕ್ಕೇ ಹೆಂಗಸರು ಗುಂಪಿಗೆ ‘ಗೌರಿ ಚೀಟಿ’ ಅಂತ ಹೆಸರಿಟ್ಟು, ಹಬ್ಬದ ಚೀಟಿ ಕಟ್ಟುವವರ ಹಾಗೆ ಮಾತಾಡಿಕೊಳ್ಳುತ್ತಿದ್ದರು. ಸಭೆಗೆ ‘ಪೂಜೆ’, ಮ್ಯಾನೇಜರನಿಗೆ ‘ಗಣಪ’. ಒಬ್ಬೊಬ್ಬಳ ನಂಬರೂ, ಹೆಸರೂ, ಮುಖವೂ ಅದರಲ್ಲಿದ್ದವು. ಅದನ್ನು ಅಳಿಸಿದರೆ ಫೋನನ್ನೇ ತಿದ್ದಿದ್ದಾರೆ ಅನ್ನುತ್ತಾರೆ. ಅಳಿಸದೆ ಒಯ್ದರೆ ನೂರು ಮನೆಯ ಒಲೆ ಅವಳ ಚೀಲದಲ್ಲಿ.

ಪಕ್ಕದ ಬೀದಿಯ ವೀಣ ಬಾಗಿಲಿಗೆ ಒರಗಿ ನಿಂತಿದ್ದಳು. ಅವಳು ಅಂಗಿತೋಳಿನ ಕಫ್ ಹೊಲಿಯುವವಳು, ಮರಿತಾಯಿಯ ಮಗ್ಗುಲ ಮಿಶಿನ್ನು, ಇವತ್ತು ಜ್ವರ ಅಂತ ರಜೆ ಹಾಕಿದ್ದಳು.

‘ಅಕ್ಕ, ಎಲ್ರೂ ಯೋಳ್ಕಳ್ಸವ್ರೆ. ಆ ಮಗಿನ್ ದನಿ ತಕೊಂಡೋಗು, ನಮ್ ಎಸ್ರು ತಕೊಂಡೋಗ್ಬ್ಯಾಡ ಅಂತ.’

‘ದನಿ ಬ್ಯಾರೆ, ಎಸ್ರು ಬ್ಯಾರೆ ಮಾಡಕ್ಕೆ ಅದೇನ್ ರಾಗಿ ಜೊಳ್ಳ ತೂರ್ದಂಗಾ ವೀಣಾ?’

‘ನಂಗೊತ್ತಿಲ್ಲ ಕಣಕ್ಕ. ನಂಗೆ ಸತ್ತೋಳ್ ಮ್ಯಾಲೂ ಕರುಣೆ ಅದೆ, ಬದ್ಕಿರೋರ್ ಮ್ಯಾಲೂ ಅದೆ.’

ಅಷ್ಟರಲ್ಲಿ ಮಳವಳ್ಳಿ ಬಸ್ಸಿಳಿದು ಮಾಯಮ್ಮ ಬಂದಳು. ಅರ್ಪಿತಳ ತಾಯಿ. ವಾರಕ್ಕೊಮ್ಮೆ ಬರುತ್ತಿದ್ದಳು, ಮಗಳ ದನಿ ಕೇಳಿಕೊಂಡು ಹೋಗಲು. ಮಾಯಮ್ಮ ಗೌಡರ ಮನೆಯ ಹೆಂಗಸು, ಮರಿತಾಯಿಯ ಮನೆ ಕಾಲೊನಿಯಲ್ಲಿ. ಇಷ್ಟು ತಿಂಗಳಾದರೂ ಅವಳು ಹೊಸ್ತಿಲು ದಾಟಿರಲಿಲ್ಲ. ಜಗುಲಿಯ ಮೇಲೆ ಕೂರುತ್ತಿದ್ದಳು, ತಾನು ತಂದ ಬಾಟಲಿಯ ನೀರನ್ನೇ ಕುಡಿಯುತ್ತಿದ್ದಳು. ಮರಿತಾಯಿಗೆ ಅದು ಕಾಣುತ್ತಿತ್ತು. ಅಳುವಾಗಲೂ ಕೆಲವರು ತಮ್ಮ ನೀರು ತಾವೇ ತರುತ್ತಾರೆ ಅಂದುಕೊಳ್ಳುತ್ತಿದ್ದಳು.

‘ಓಯ್ತಾ ಇದೀಯೇನವ್ವ?’ ಅಂದಳು ಮಾಯಮ್ಮ ಜಗುಲಿಯಿಂದಲೇ. ‘ಆ ಫೋನ್ನೂ ತಕೊಂಡೋದಿಯಾ?’

‘ನಿಮ್ ಫೋನ್ಗೆ ಮೊಬೈಲ್ ಅಂಗ್ಡಿ ಪುನೀತ ಮೆಮೊರಿ ಕಾರ್ಡ್ ಆಕ್ಕೊಟ್ಟವ್ನಲ್ಲ ಮಾಯಮ್ಮಾರೆ, ಅದ್ರಲ್ಲೂ ಅದೇ ದನಿ ಅದೆ.’

‘ಅದು ಪೋಟ ಇದ್ದಂಗೆ ಕಣಮ್ಮ. ಇದು ಮೊಕ. ಅವ್ಳು ಕೂಗಿದ್ದು ಇದುಕ್ಕೆ.’ ಅವಳು ಸೆರಗಿನಿಂದ ಮೂಗೊರೆಸಿಕೊಂಡಳು. ‘ಓಗೋಕ್ ಮುಂಚೆ ಇನ್ನೊಂದ್ ಕಿತ ಕೇಳಿಸ್ಬುಡು. ಇಮಾನ ಬಿದ್ದೋದ್ರೆ?’

‘ಅಯ್ಯೋ ನಿಮ್ ಬಾಯ್ಗೆ ಮಣ್ಣಾಕ,’ ಅಂದಳು ವೀಣ. ಮೂವರಿಗೂ ನಗು ಬಂತು, ಬಂದದ್ದಕ್ಕೆ ನಾಚಿಕೆಯೂ ಆಯಿತು.

ಮರಿತಾಯಿ ಹಳೆಯ ಫೋನು ತೆಗೆದುಕೊಂಡಳು. ಮೊನ್ನೆ ಸಂಜೆಯಿಂದ ಅದರಲ್ಲಿ ಟವರಿರಲಿಲ್ಲ. ಈ ಬೀದಿಯಲ್ಲಿ ಟವರು ಬಂದರೆ ಸುದ್ದಿ, ಹೋದರೆ ಯಾರೂ ಕೇಳುವುದಿಲ್ಲ, ಅವಳೂ ಕೇಳಿರಲಿಲ್ಲ. ಈಗ ತಾನೇ ಶಶಿಧರ್ ತನ್ನ ಫೋನಿನಿಂದ ನೆಟ್ಟು ಕೊಟ್ಟಿದ್ದ. ಅವಳು ವಾಟ್ಸಾಪಿನ ಹಸಿರು ಗುರುತನ್ನು ಒತ್ತಿದಳು. ಅರ್ಪಿತಳ ಹೆಸರು ಬರಬೇಕಾದ ಜಾಗದಲ್ಲಿ ಬಿಳಿ ಪರದೆ ಬಂತು. ಅದರ ಮೇಲೆ ಎರಡು ಸಾಲು.

‘ಏನಿದು ಸಾ?’

ಶಶಿಧರ್ ಓದಿದ. ಮತ್ತೊಮ್ಮೆ ಓದಿದ. ‘ನಿಮ್ಮ ನಂಬರು ಬೇರೆ ಫೋನಲ್ಲಿ ಶುರುವಾಗಿದೆ ಅಂತಿದೆ. ವಾಪಸ್ ಬೇಕಾದ್ರೆ ಕೋಡ್ ಹಾಕಿ ಅಂತಿದೆ. ಕೋಡು ಸಿಮ್ಮಿಗೆ ಬರುತ್ತೆ.’

‘ಸಿಮ್ಮು ಇದ್ರಲ್ಲೇ ಅದಲ್ಲ.’

‘ಇದು ಸತ್ತಿದೆ. ಯಾರೋ ಡೂಪ್ಲಿಕೇಟ್ ತಗೊಂಡಿದ್ದಾರೆ.’ ಅವನ ದನಿ ಇಳಿಯಿತು. ‘ಮರಿತಾಯಮ್ಮ, ಈ ಸಿಮ್ಮು ಯಾರ ಹೆಸರಲ್ಲಿದೆ?’

ಬೆಳಗಿನಿಂದ ಅವನು ಜರ್ಮನಿಯ ಪೊಲೀಸರ ಬಗ್ಗೆ ಹೇಳಿದ್ದ, ವಿಮಾನದ ಟ್ರೇಯಲ್ಲಿ ಫೋನು ಹೇಗೆ ಇಡಬೇಕು ಅಂತ ಹೇಳಿದ್ದ, ಪಾಸ್‌ವರ್ಡು ಎಷ್ಟುದ್ದ ಇರಬೇಕು ಅಂತ ಹೇಳಿದ್ದ. ಈ ಪ್ರಶ್ನೆಯನ್ನು ಮಾತ್ರ ಕೇಳಿರಲಿಲ್ಲ.

‘ಅಣ್ಣುನ್ ಎಸ್ರಲ್ಲಿ,’ ಅಂದಳು ಮರಿತಾಯಿ.

ಮತ್ತಾರ ಹೆಸರಲ್ಲಿರುತ್ತದೆ? ಆ ಬೀದಿಯ ಯಾವ ಹೆಂಗಸಿನ ಸಿಮ್ಮು ಅವಳ ಹೆಸರಲ್ಲಿದೆ? ಮದುವೆಗೆ ಮುಂಚೆ ಅಣ್ಣನದು, ಆಮೇಲೆ ಗಂಡನದು, ಗಂಡ ಬಿಟ್ಟರೆ ಮತ್ತೆ ಅಣ್ಣನದು, ಕಡೆಗೆ ಮಗನದು. ‘ಅಂಗ್ಡಿಗೆ ನೀ ಯಾಕ್ ಬತ್ತೀಯ, ನಾನೇ ತತ್ತೀನಿ ಬುಡು’ ಅಂತ ಗಂಡಸರು ತಂದುಕೊಡುತ್ತಾರೆ, ಹೆಂಗಸರು ಅದನ್ನು ಪ್ರೀತಿ ಅಂತ ಇಸಿದುಕೊಳ್ಳುತ್ತಾರೆ. ಇಡೀ ಹೆಣ್ಣುಕುಲದ ಮಾತು ಗಂಡಸಿನ ಹೆಬ್ಬೆಟ್ಟಿನ ಕೆಳಗೆ ಬಾಡಿಗೆಗೆ ಇರುತ್ತದೆ. ಬಾಡಿಗೆಮನೆಯಿಂದ ಎಬ್ಬಿಸಲು ಒಂದು ನೋಟೀಸಾದರೂ ಕೊಡಬೇಕು, ಇದಕ್ಕೆ ಅದೂ ಬೇಡ.

ಕಾರ್ಖಾನೆಯಲ್ಲಿ ಊಟದ ಬಿಡುವು, ಲಾಕರಿನ ಫೋನುಗಳು ಕೈಗೆ ಬರುವ ಹೊತ್ತು. ವೀಣಳ ಫೋನು ಟಣ್ ಅಂದಿತು. ಇನ್ನೊಮ್ಮೆ ಅಂದಿತು. ಆಮೇಲೆ ಬಿಡುವಿಲ್ಲದೆ ಬಡಿದುಕೊಳ್ಳತೊಡಗಿತು.

‘ಅಕ್ಕ,’ ಅಂದಳು ವೀಣ. ‘ನಿನ್ ನಂಬರಿಂದ ಚೀಟಿ ಗುಂಪ್ಗೆ ಮೆಸೇಜ್ ಬಂದದೆ.’

‘ಏನಂತೆ?’

‘“ಯಾರ್ಯಾರು ಇದ್ದೀರ ಗೊತ್ತಾಯಿತು. ಸೋಮವಾರ ಮಾತಾಡೋಣ.” ಅಷ್ಟೇಯ.’ ಅವಳು ಪರದೆಯನ್ನೇ ನೋಡುತ್ತಿದ್ದಳು. ‘ಬುಟ್ಟೋಯ್ತಾ ಅವ್ರೆ ಕಣಕ್ಕ. ಬಟನ್ ಸೆಕ್ಸನ್ ಬುಟ್ರು. ಇಸ್ತ್ರಿ ಪದ್ದಕ್ಕ ಬುಟ್ಳು. ಒಬ್ಬೊಬ್ರೇ... ಅಯ್ಯೋ, ಬುಟ್ಟೋದ್ರೆ ಎಸ್ರು ಅಳಿಸೋಯ್ತದಾ? ನೋಡ್ಬುಟ್ಟವ್ರಲ್ಲ!’

ಮರಿತಾಯಿ ಎದ್ದಳು. ಚಪ್ಪಲಿ ಮೆಟ್ಟಲಿಲ್ಲ.

ಅವಳ ಅಣ್ಣ ಪುಟ್ಟರಾಜು ಕಾರ್ಖಾನೆಯ ಬಸ್ಸಿನ ಡ್ರೈವರು. ಬೆಳಿಗ್ಗೆ ಹೆಂಗಸರನ್ನು ಬಿಟ್ಟು ಬಂದು, ಸಂಜೆ ಕರೆತರುವ ತನಕ ಬಸ್ಸನ್ನು ಕೆರೆ ಏರಿಯ ಮಗ್ಗುಲಲ್ಲಿ ನಿಲ್ಲಿಸಿ ತೊಳೆಯುತ್ತಿದ್ದ. ತಂಗಿ ಬರಿಗಾಲಲ್ಲಿ ಓಡಿಬರುವುದನ್ನು ನೋಡಿದವನೇ ಬೆನ್ನು ತಿರುಗಿಸಿ ಗಾಜು ಉಜ್ಜತೊಡಗಿದ. ಅದರಲ್ಲೇ ಎಲ್ಲ ತಿಳಿಯಿತು.

‘ಯಾಕಣ್ಣ?’

‘ಏನ್ ಯಾಕೆ?’

‘ನನ್ ಸಿಮ್ಮು.’

‘ನಿನ್ ಸಿಮ್ಮಾ? ಆದಾರ್ ಯಾರ್ದು?’

‘ತೂ ನಿನ್ನ! ಬಾಯ್ ಬುಟ್ ಕೇಳಿದ್ರೆ ಅಲ್ಲೇ ಮುರ್ದ್ ಎಸಿತಿದ್ದೆ. ಕಳ್ನಂಗೆ ತಕೊಂಡೆಯಲ್ಲೋ.’

ಪುಟ್ಟರಾಜು ಬಕೆಟ್ಟು ಕುಕ್ಕಿದ. ‘ಬಸ್ ಕೀ ಇಸ್ಕೊಂಡ್ರು ಕಣವ್ವ. ಗುರುವಾರ. ಆಪೀಸ್ ಮುಂದೆ ಬಿಸ್ಲಲ್ಲಿ ನಿಲ್ಸುದ್ರು. ನಿನ್ ತಂಗಿ ಫೋನ್ ಯಾರೆಸ್ರಲ್ಲದೆ ಅಂತ ಕೇಳುದ್ರು. ನಂದೇ ಅಂದೆ. ಅಂಗಾದ್ರೆ ನಿಂದ್ ನೀನ್ ಇಸ್ಕೊಳಕ್ಕೇನ್ಲಾ ಅಂದ್ರು. ನನ್ ಮಕ್ಳು ಏನ್ ಮಣ್ ತಿನ್ಬೇಕಾ?’

‘ಸಿಮ್ ಎಲ್ಲದೆ?’

‘ಅವ್ರತ್ರ.’

‘ಅದ್ರಲ್ಲಿ ಎಷ್ಟ್ ಜನ ಅವ್ರೆ ಗೊತ್ತೇನೋ? ನಿನ್ ಬಸ್ಸಲ್ಲೇ ದಿನಾ ಕುಂತ್ಕೊಂಡು ಬರೋರು. ಅಣ್ಣ ಅಣ್ಣ ಅಂತ ನಿನ್ಗೆ ಎಲಡ್ಕೆ ಕೊಡೋರು. ಎಲ್ರುನೂ ಇಡ್ಕೊಟ್ಬುಟ್ಟೆ.’

‘ಜರ್ಮನಿಗೋಗಿ ನೀನ್ ಏನ್ ಕಡ್ದು ಕಟ್ಟೆ ಆಕೀಯ? ಅವ್ರು ಕೇಳಿ ಚಪ್ಪಾಳೆ ತಟ್ಟಿ, ಮತ್ತೆ ಅದೇ ಅಂಗಿ ಆಕ್ಕೋತಾರೆ. ಸತ್ತೋಳು ಎದ್ ಬಂದಾಳಾ?’

ಅವನು ಹೇಳಿದ್ದು ಸುಳ್ಳೂ ಅಲ್ಲ ಅನ್ನಿಸಿತು ಮರಿತಾಯಿಗೆ. ಏರಿಯ ಮಣ್ಣಿನ ಮೇಲೆ ಕುಕ್ಕರಿಸಿದಳು. ಮಂಗಳವಾರ ಸೂಟು ತೊಟ್ಟವರ ಮುಂದೆ ಬರಿಗೈಯಲ್ಲಿ ನಿಂತು, ಇತ್ತು ಸ್ವಾಮಿ, ದನಿ ಇತ್ತು, ನಮ್ಮಣ್ಣ ಇಸಿದುಕೊಂಡ ಅನ್ನಬೇಕೇ?

ಹಿಂದೆಯೇ ಏದುಸಿರು ಬಿಡುತ್ತ ಮಾಯಮ್ಮ ಬಂದು ನಿಂತಿದ್ದಳು, ಜೊತೆಗೆ ವೀಣ. ಮಾಯಮ್ಮ ಸೊಂಟದ ಚೀಲದಿಂದ ತನ್ನ ಬಟನ್ ಫೋನು ತೆಗೆದಳು. ಅವಳಿಗೆ ಅಕ್ಷರ ಬಾರದು, ಯಾವ ಗುಂಡಿ ಒತ್ತಿದರೆ ಮಗಳು ಮಾತಾಡುತ್ತಾಳೆ ಅನ್ನುವುದಷ್ಟೇ ಗೊತ್ತು. ಮರಿತಾಯಿ ‘ಬ್ಯಾಡ’ ಅನ್ನುವಷ್ಟರಲ್ಲಿ ಒತ್ತಿಬಿಟ್ಟಳು. ಈ ಒಂದು ಮೆಸೇಜನ್ನು ಮರಿತಾಯಿ ತನ್ನ ಅಣ್ಣನಿಗೆ ಯಾವತ್ತೂ ಕೇಳಿಸಿರಲಿಲ್ಲ. ಕೇಳಿಸಿದರೆ ಅವನು ನಿದ್ದೆ ಮಾಡಲಾರ ಅಂತ ಹೆದರಿದ್ದಳು.

ಕೆರೆಯ ಗಾಳಿಯಲ್ಲಿ ಹುಡುಗಿಯ ದನಿ ಕೀರಲಾಗಿ ಬಂತು. ‘ಅಕ್ಕ, ಉಸ್ರು ಕಟ್ತದೆ ಕಣಕ್ಕ. ಪುಟ್ರಾಜಣ್ಣುನ್ ಬಸ್ಸು ಗೇಟ್‌ತಾವೇ ಅದೆ, ಕಿಟಿಕೀಲಿ ಕಾಣ್ತದೆ. ವಸಿ ಯೋಳಕ್ಕ ಅಣ್ಣುಂಗೆ. ಆಸ್ಪತ್ರೆತಾವ ಬುಟ್ಬುಡು ಅಂತ ಯೋಳಕ್ಕ.’

ಪುಟ್ಟರಾಜುವಿನ ಕೈಯ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

‘ನಿಂತಿತ್ತು,’ ಅಂದ ಕೊನೆಗೆ. ‘ಅಲ್ಲೇ ನಿಂತಿತ್ತು. ಒಳ್ಗೆ ಯಾರೋ ಬಿದ್ದವ್ರೆ ಅಂದ್ರು. ತಿರುಗ್ಸಿ ನಿಲ್ಸ್‌ಲಾ ಅಂದೆ. ಯೋಳೋಗಂಟ ಅಲ್ಲಾಡ್ಬ್ಯಾಡ ಅಂದ್ರು. ಬೀಡಿ ಸೇದ್ತಾ ನಿಂತಿದ್ದೆ.’ ಆಮೇಲೆ ಮಾಯಮ್ಮನ ಕಡೆ ತಿರುಗಿ ಒದರಿದ, ‘ಯಾಕ್ ಕೇಳುಸ್ದೆ ನಂಗೆ? ಯಾಕ್ ಕೇಳುಸ್ದೆ ಮುದುಕಿ? ನಿನ್ ಮನೆ ಆಳಾಗ!’

‘ಆಗ್ಲೇ ಆಳಾಗೋಗದೆ ಕಣಪ್ಪ,’ ಅಂದಳು ಮಾಯಮ್ಮ.

ಅವನು ಬಟ್ಟೆಯನ್ನು ಬಕೆಟ್ಟಿಗೆ ಎಸೆದ. ಆಮೇಲೆ ಯಾರ ಮುಖವನ್ನೂ ನೋಡದೆ, ‘ಪುನೀತುನ್ ಅಂಗ್ಡಿ ತೆಗ್ದದಾ?’ ಅಂದ.

ಮದ್ದೂರಿನ ಬಸ್‌ಸ್ಟ್ಯಾಂಡಿನ ಎದುರಿಗೆ ಪುನೀತನ ಮೊಬೈಲ್ ಅಂಗಡಿ. ವೀಣ ಫೋನಿನಲ್ಲಿ ಕರೆದ ಮೇಲೆ ಶಶಿಧರ್ ಮರಿತಾಯಿಯ ಚೀಲ, ಪಾಸ್‌ಪೋರ್ಟು, ಚಾಪೆಯ ಮೇಲಿದ್ದದ್ದನ್ನೆಲ್ಲ ಬಾಚಿಕೊಂಡು ಅಲ್ಲಿಗೇ ಬಂದ. ಪುಟ್ಟರಾಜು ಹೆಬ್ಬೆಟ್ಟನ್ನು ಯಂತ್ರದ ಮೇಲೆ ಇಟ್ಟ. ಕೆಂಪು. ಚಡ್ಡಿಗೆ ಒರೆಸಿಕೊಂಡು ಮತ್ತೆ ಇಟ್ಟ. ಕೆಂಪು.

‘ಬಸ್ ತೊಳ್ದು ಕೈ ನೆಂದೋಗದೆ ಅಣ್ಣ, ಗಾಳಿಗ್ ಇಡಿ,’ ಅಂದ ಪುನೀತ.

‘ಮೊನ್ನೆ ಒಂದೇ ಸಲಕ್ಕೆ ಓಯ್ತು,’ ಅಂದ ಪುಟ್ಟರಾಜು. ‘ಮನೆಹಾಳ್ ಕೆಲ್ಸುಕ್ಕಾದ್ರೆ ಒಂದೇ ಸಲಕ್ಕೆ ಓಯ್ತದೆ.’

ಮೂರನೆಯ ಸಲ ಹಸಿರು ಬಂತು. ಪುನೀತ ಹೊಸ ಸಿಮ್ಮು ಕೊಟ್ಟ, ಕೊಡುತ್ತಲೇ ಅವರ ಆಸೆಯ ಮೇಲೆ ನೀರು ಹುಯ್ದ. ‘ಅಕ್ಕ, ಇದ್ಕೆ ಒಂದ್ ದಿವ್ಸ ಮೆಸೇಜ್ ಬರಕಿಲ್ಲ. ಡೂಪ್ಲಿಕೇಟ್ ತಗೊಂಡ್ರೆ ಅಂಗೇ ರೂಲ್ಸು. ಕೋಡು ನಾಳೆ ಸಂಜೆ ಮ್ಯಾಕೇ.’

‘ನಾಳೆ ಸಂಜೆ ನಾನ್ ಅಲ್ಲಿರ್ತೀನಲ್ಲ!’

‘ಸಿಮ್ಮು ಇಲ್ಲೇ ಇರಲಿ,’ ಅಂದ ಶಶಿಧರ್. ‘ಫೋನು ಅಲ್ಲಿಗೆ ಹೋಗಲಿ. ಇಲ್ಲಿ ಕೋಡು ಬಂದಾಗ ಓದಿ ಹೇಳಿದ್ರೆ, ಅಲ್ಲಿ ನೀವು ಹಾಕ್ಕೋಬಹುದು. ಆಗುತ್ತೆ ಅಂತ ಖಂಡಿತ ಹೇಳಲಾರೆ. ಆಗದೆ ಇದ್ರೆ ದನಿ ಒಳಗೇ ಉಳಿಯುತ್ತೆ.’

‘ಸಿಮ್ಮು ಯಾರತ್ರ?’

ಎಲ್ಲರೂ ಪುಟ್ಟರಾಜುವನ್ನು ನೋಡಿದರು. ಅವನು ಎರಡು ಹೆಜ್ಜೆ ಹಿಂದೆ ಸರಿದ. ‘ನನ್ ಕೈಗ್ ಮಾತ್ರ ಕೊಡ್ಬ್ಯಾಡಿ. ಅವ್ರ್ ಸಿಮ್ಮು ಈಗ ಸತ್ತೋಯ್ತದೆ. ಕರೀತಾರೆ, ಕೇಳ್ತಾರೆ, ನಾನ್ ಕೊಟ್ಬುಡ್ತೀನಿ. ನನ್ ಗುಂಡಿಗೆ ಎಷ್ಟದೆ ಅಂತ ನಂಗೊತ್ತು.’ ತಂಗಿಯ ಮುಖ ನೋಡಿದ. ‘ನಾನ್ ಬಸರಾಳ್ಗೆ ಮಾವುನ್ ಮನೆಗೋಯ್ತೀನಿ. ಫೋನ್ ಆಫ್ ಮಡ್ಗ್‌ತೀನಿ. ಎಬ್ಬೆಟ್ಟು ಕೈಗ್ ಸಿಗ್ದಿದ್ರೆ ಇನ್ನೊಂದ್ ಸಿಮ್ ತೆಗ್ಸಕ್ಕಾಗಕಿಲ್ಲ ಅಲ್ವಾ ಪುನೀತ?’

‘ಆಗಕಿಲ್ಲ ಅಣ್ಣ.’

‘ಅಂಗಾದ್ರೆ ಎಬ್ಬೆಟ್ ಬಚ್ಚಿಡ್ತೀನಿ.’ ನಗಲು ನೋಡಿದ, ಆಗಲಿಲ್ಲ. ಜೇಬಿನಿಂದ ಬಸ್ಸಿನ ಕೀ ತೆಗೆದು ಗಾಜಿನ ಕಟ್ಟೆಯ ಮೇಲೆ ಇಟ್ಟ. ‘ಕೇಳ್ಕೊಂಡ್ ಬಂದ್ರೆ ಕೊಟ್ಬುಡು. ಅವ್ರದು ಅವ್ರಿಗೆ.’ ನಡೆದುಹೋದ. ಹೋಗಿ ಬಾ ಅಂತ ತಂಗಿಗೆ ಅವನೂ ಅನ್ನಲಿಲ್ಲ, ಅವಳೂ ಕೇಳಲಿಲ್ಲ.

ಸಿಮ್ಮು ಮಾಯಮ್ಮನ ಬಟನ್ ಫೋನಿಗೆ ಹೋಯಿತು. ಅದರಲ್ಲಿ ನೆಟ್ಟೂ ಇಲ್ಲ, ಕದಿಯಲು ಯಾರ ನಂಬರೂ ಇಲ್ಲ. ನಾಳೆ ಸಂಜೆ ವೀಣ ಬಂದು ಕೋಡು ಓದಿ, ಮರಿತಾಯಿಯ ಹೊಸ ಫೋನಿಗೆ ಹೇಳುತ್ತಾಳೆ. ವೀಣ ಒಪ್ಪಿದಳು. ಅವಳ ಹೆಸರೂ ಸೋಮವಾರದ ಕಡೆಗೆ ಕಾಯುತ್ತಿತ್ತು.

‘ನೀನು ಗುಂಪ್ ಬುಡ್ಲಿಲ್ವಾ?’ ಅಂದಳು ಮರಿತಾಯಿ.

‘ಬುಟ್ಟೂ ಏನ್ ಮಾಡ್ಲಿ. ನೋಡು, ನಮ್ಮಿಬ್ರು ಎಸ್ರೇ ಉಳ್ದಿರೋದು. ನಿಂದೂ ಕಳ್ರ ಕೈಲದೆ.’

‘ಮಾಯಮ್ಮಾರೆ, ರಾತ್ರಿ ಎಲ್ಲಿರ್ತೀರಿ?’

‘ನಿನ್ ಜಗ್ಲಿ ಮ್ಯಾಲೆ.’

‘ಈ ಚಳೀಲಾ? ಒಳಿಕ್ಕೋಗಿ.’

ಮಾಯಮ್ಮ ತಲೆ ತಗ್ಗಿಸಿದಳು. ‘ಒಳಿಕ್ಕೋಗಕ್ಕೆ ಆಗಕಿಲ್ಲ ಕಣವ್ವ. ನಮ್ಮೋರು ಕೇಳುದ್ರೆ...’

ಮರಿತಾಯಿಗೆ ಸಿಟ್ಟು ನೆತ್ತಿಗೇರಿತು. ಬೆಳಗಿನಿಂದ ತಡೆದದ್ದೆಲ್ಲ ಒಮ್ಮೆಗೇ ಬಂತು. ‘ನಿಮ್ ಮಗ್ಳ್ ದನಿ ಇಷ್ಟ್ ದಿವ್ಸ ನನ್ ಮನೆ ಒಳ್ಗೇ ಇತ್ತು, ನನ್ ಚಾಪೆ ಮ್ಯಾಲೆ, ನನ್ ತಲೆತಾವ. ಅದುಕ್ಕೆ ಮೈಲ್ಗೆ ಆಗ್ಲಿಲ್ಲ, ನಿಮ್ಗಾಯ್ತದಾ? ತಕೊಳಿ ಬೀಗದ್ ಕೈ. ಒಳ್ಗಾದ್ರೂ ಮನೀಕೊಳಿ, ಜಗ್ಲೀಲೇ ಸೆಟ್ಕೊಂಡ್ ಸಾಯಿರಿ. ಫೋನ್ ಮಾತ್ರ ಎದೆ ಮ್ಯಾಲಿಂದ ಇಳಿಸ್ಬ್ಯಾಡಿ.’

ಮಾಯಮ್ಮ ಬೀಗದ ಕೈ ತೆಗೆದುಕೊಂಡು ಸೆರಗಿನ ತುದಿಗೆ ಗಂಟು ಹಾಕಿದಳು.

ಬೆಂಗಳೂರಿನ ಬಸ್ಸು ಬಂತು. ಮರಿತಾಯಿ ಬೀಗ ಬಿದ್ದ ಹಳೆಯ ಫೋನನ್ನು ಚೀಲದ ತಳಕ್ಕೆ ತುರುಕಿದಳು, ಹೊಸದನ್ನು ಕೈಯಲ್ಲಿ ಹಿಡಿದಳು. ಶಶಿಧರ್ ಅಭ್ಯಾಸಬಲದಿಂದ ಬಾಯಿ ತೆರೆದ. ‘ಆದ್ರೆ ಏರ್‌ಪೋರ್ಟಲ್ಲಿ ಆ ಹಳೇದನ್ನ...’

‘ಏರ್‌ಪೋರ್ಟಲ್ಲಿ ಕಿತ್ಕೊಳ್ಳೋಕೆ ಇನ್ನೇನುಳ್ದದೆ ಸಾ? ಕಿತ್ಕೊಳ್ಳೋದೆಲ್ಲ ಮದ್ದೂರಲ್ಲೇ ಆಯ್ತು.’

ಸೋಮನಹಳ್ಳಿಯ ಹತ್ತಿರ ಬಸ್ಸು ನಿಧಾನವಾಯಿತು. ಶಿಫ್ಟು ಬಿಟ್ಟಿತ್ತು. ಕಾರ್ಖಾನೆಯ ಬಸ್ಸುಗಳು ಸಾಲಾಗಿ ರಸ್ತೆಗೆ ಇಳಿಯುತ್ತಿದ್ದವು. ಅವುಗಳಲ್ಲಿ ಅಣ್ಣನ ಬಸ್ಸೂ ಇತ್ತು, ಅರ್ಧ ಮಾತ್ರ ತೊಳೆದ ಗಾಜಿನ ಹಿಂದೆ ಬೇರೆ ಯಾವನೋ ಕೂತಿದ್ದ. ಎರಡೂ ಬಸ್ಸು ಒಂದು ಗಳಿಗೆ ಮಗ್ಗುಲಿಗೆ ಮಗ್ಗುಲು ನಿಂತವು. ಕಿಟಕಿಗಳ ತುಂಬ ಗೊತ್ತಿದ್ದ ಮುಖಗಳು. ಯಾವತ್ತೂ ಜಗಳವಾಡುತ್ತ, ಕಡಲೆಕಾಯಿ ಸುಲಿಯುತ್ತ ಬರುವ ಬಸ್ಸು ಇವತ್ತು ಸದ್ದಿಲ್ಲದೆ ಕೂತಿತ್ತು. ಇಸ್ತ್ರಿ ಪದ್ದಕ್ಕ ಮರಿತಾಯಿಯನ್ನು ಕಂಡಳು. ಅವಳ ಕೈ ಮೇಲೆದ್ದಿತು, ಇನ್ನೇನು ಬೀಸುತ್ತದೆ ಅನ್ನುವಷ್ಟರಲ್ಲಿ ತಲೆಯ ಕಡೆ ಹೋಗಿ ಕೂದಲು ಸರಿಮಾಡಿಕೊಂಡಿತು. ಸಿಗ್ನಲ್ಲು ಬಿಟ್ಟಿತು. ಮರಿತಾಯಿ ಕತ್ತು ತಿರುಗಿಸಿ ನೋಡುತ್ತಲೇ ಇದ್ದಳು.